ಎಡಕ್ಕೆ ವಾಲಿದ ರೆಕ್ಕೆ

ಲಾರಿ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ಎರಡು ರಬ್ಬರ್ ಬಿಲ್ಲೆಗಳು ನನ್ನ ಚೀಲದಲ್ಲಿ ಸದಾ ಇರುತ್ತವೆ. ಅಂಗೈ ಅಗಲದವು, ಹಿಂಬದಿಗೆ ಒಂದು ತುಂಡು ಟೇಪು. ನಮ್ಮ ವಿಮಾನ ತರಬೇತಿ ಶಾಲೆಗೆ ಮೊದಲು ಬಂದಿದ್ದ ಪ್ಲಾಸ್ಟಿಕ್ ಬಿಲ್ಲೆಗಳು ಕೂಡ್ಲಿಗಿಯ ಬಿಸಿಲಿಗೆ ಸೊಟ್ಟಗಾಗಿ ಕಳಚಿ ಬೀಳುತ್ತಿದ್ದವು. ನಾನು ಅಲ್ಲಿ ವಿದ್ಯಾರ್ಥಿನಿಯಾಗಿದ್ದಾಗ, ಕೊಟ್ಟೂರಿನಲ್ಲಿ ಪಂಚರ್ ಅಂಗಡಿ ಇಟ್ಟಿರುವ ನನ್ನ ಅಬ್ಬಾ ಅಳತೆ ಕೇಳಿಕೊಂಡು, ಗ್ರೀಸ್ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದು, ಹನ್ನೆರಡು ಬಿಲ್ಲೆ ಕತ್ತರಿಸಿ ಕೊಟ್ಟರು. ಇವತ್ತಿಗೂ ಶಾಲೆಯ ಬೋಧಕರೆಲ್ಲ ಬಳಸುವುದು ಅವನ್ನೇ.

ಉಪಕರಣ ನೋಡಿ ವಿಮಾನ ಹಾರಿಸುವುದನ್ನು ಕಲಿಸುವುದು ಹೀಗೆ. ಹೊರಗಿನದೇನೂ ಕಾಣದಂತೆ ಮುಂದಕ್ಕೆ ಚಾಚಿಕೊಂಡ ಒಂದು ಮರೆಯನ್ನು ವಿದ್ಯಾರ್ಥಿಯ ತಲೆಗೆ ತೊಡಿಸುತ್ತೇವೆ. ನಮ್ಮ ಹುಡುಗರು ಅದನ್ನು ಕುಂಚಿಗೆ ಎನ್ನುತ್ತಾರೆ, ಕೂಸಿಗೆ ತೊಡಿಸುವ ಕುಂಚಿಗೆ. ಅದರೊಳಗಿಂದ ಕಾಣುವುದು ಎದುರಿನ ಆರು ಮೀಟರು ಮಾತ್ರ. ವೇಗ, ಎತ್ತರ, ಏರಿಳಿತ, ತಿರುವು, ದಿಕ್ಕು, ಮತ್ತು ನಡುವೆ ಕೃತಕ ದಿಗಂತ. ರೆಕ್ಕೆ ವಾಲಿದೆಯೇ, ಮೂಗು ಎದ್ದಿದೆಯೇ ಎಂದು ತೋರಿಸುವುದು ಈ ಕೊನೆಯದು. ದಿಗಂತ ಮತ್ತು ದಿಕ್ಕು, ಎರಡೂ ಮೀಟರು ಒಂದೇ ಪಂಪಿನ ಗಾಳಿಯ ಮೇಲೆ ನಡೆಯುತ್ತವೆ. ಪಂಪು ಕೆಟ್ಟರೆ ಎರಡೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಅದಕ್ಕೇ ಬಿಲ್ಲೆ. ಹಾರುತ್ತಿರುವಾಗ ಬೋಧಕರು ಅವೆರಡರ ಮೇಲೆ ಬಿಲ್ಲೆ ಅಂಟಿಸಿ ‘ಪಂಪು ಹೋಯಿತು’ ಎನ್ನುತ್ತಾರೆ. ಉಳಿದ ನಾಲ್ಕು ಮೀಟರು ಮತ್ತು ನೀರಿನಲ್ಲಿ ತೂಗಾಡುವ ದಿಕ್ಸೂಚಿಯನ್ನೇ ನಂಬಿ ವಿದ್ಯಾರ್ಥಿ ಹಾರಬೇಕು.

ಹೋದ ಚಳಿಗಾಲ ನಾನು ಆ ಬಿಲ್ಲೆಗಳನ್ನು ಒಬ್ಬರ ಕಣ್ಣ ಮುಂದೆ ಸೇಡಿಗಾಗಿ ಅಂಟಿಸಿದೆ. ನಾಲ್ಕು ಹಾರಾಟ. ಇದು ಅವುಗಳ ವಿವರ.

ಅವರು ನನಗೆ ಕಲಿಸಿದ ಹಿರಿಯ ಬೋಧಕರು. ಹರಪನಹಳ್ಳಿ ಕಡೆಯವರು. ಹಾರಾಟ ಮುಗಿದ ಮೇಲೆ ತಪ್ಪುಗಳನ್ನು ಎಲ್ಲ ವಿದ್ಯಾರ್ಥಿಗಳ ಮುಂದೆ, ಹಲಗೆಯ ಮೇಲೆ ಬರೆದು ಹೇಳುವ ಪದ್ಧತಿಯನ್ನು ನಮ್ಮ ಶಾಲೆಯಲ್ಲಿ ಶುರುಮಾಡಿದ್ದೇ ಅವರು. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ, ಕುಂಚಿಗೆ ತೊಟ್ಟು, ಅಬ್ಬಾ ಕತ್ತರಿಸಿದ ಬಿಲ್ಲೆಗಳೇ ಎದುರಿಗಿರುವಾಗ, ನಾನು ಹರಪನಹಳ್ಳಿಯಿಂದ ಹಡಗಲಿ ದಿಕ್ಕಿಗೆ ನೇರವಾಗಿ ಹಾರಬೇಕಿತ್ತು. ನನ್ನ ಎಡ ರೆಕ್ಕೆ ಇಳಿಯಿತು. ಇಳಿದೇ ಉಳಿಯಿತು. ಅವರು ಏನೂ ಹೇಳದೆ ವಿಮಾನ ಇಳಿಸಿದರು. ಕೊಠಡಿಯಲ್ಲಿ ಎಲ್ಲರ ಮುಂದೆ ಹೇಳಿದರು: “ಇವಳು ಹೊರಗೆ ಕದ್ದು ನೋಡ್ತಾಳೆ. ರಸ್ತೆಗೆ ಮೊಳೆ ಚೆಲ್ಲಿ ಪಂಚರ್ ಹಾಕೋ ಮನೆಯೋರು. ಕಳ್ಳತನ ರಕ್ತದಾಗೇ ಐತಿ.”

ಆ ದಿನದ ಬಗ್ಗೆ ನನ್ನ ನೆನಪು ಒಂದಲ್ಲ. ಒಂದರಲ್ಲಿ ಕೊಠಡಿಯಲ್ಲಿ ಎಂಟು ಜನ ಇದ್ದರು, ಇನ್ನೊಂದರಲ್ಲಿ ಇಡೀ ಶಾಲೆಯೇ ಇತ್ತು. ಒಂದರಲ್ಲಿ ನಾನು ಅತ್ತೆ. ಇನ್ನೊಂದರಲ್ಲಿ ಅಳಲಿಲ್ಲ, ಬಾಗಿಲನ್ನು ಜೋರಾಗಿ ಹಾಕಿಕೊಂಡು ಹೊರಬಂದೆ. ಆದರೆ ಆ ಕೊಠಡಿಗೆ ಆಗ ಬಾಗಿಲೇ ಇರಲಿಲ್ಲ, ಪರದೆ ಇತ್ತು. ಮೊಳೆಯ ಮಾತು ಮಾತ್ರ ಎಲ್ಲ ನೆನಪಿನಲ್ಲೂ ಒಂದೇ ಥರ ಇದೆ. ನನ್ನ ದಾಖಲೆಯಲ್ಲಿ ಅವರು ಬರೆದ ಸಾಲೂ ಇದೆ, ಅದನ್ನು ಈಗಲೂ ತೆಗೆದು ನೋಡಬಹುದು: ‘ಉಪಕರಣಗಳ ಮೇಲೆ ನಂಬಿಕೆಯಿಲ್ಲ. ಹೊರಗೆ ನೋಡುತ್ತಾಳೆ. ಪರೀಕ್ಷೆಗೆ ಕಳಿಸಲು ಯೋಗ್ಯಳಲ್ಲ.’ ಒಂದು ವರ್ಷ ಹೋಯಿತು. ಬೇರೊಬ್ಬ ಬೋಧಕರ ಕೈಕೆಳಗೆ ಮೊದಲಿನಿಂದ ಕಲಿತು ಪಾಸಾದೆ.

ನಾನು ನೋಡಿರಲಿಲ್ಲ. ಅದು ಒಳಕಿವಿಯ ಮೋಸ. ಕಣ್ಣಿಗೆ ಮರೆ ಬಿದ್ದಾಗ ಕಿವಿಯೊಳಗಿನ ಸಮತೋಲ ಮೋಸ ಮಾಡುತ್ತದೆ, ವಾಲಿದ್ದನ್ನು ನೆಟ್ಟಗೆ ಎನ್ನುತ್ತದೆ. ಅಬ್ಬಾಗೆ ಹಾಗೆಯೇ ಹೇಳಿದೆ. ಅಬ್ಬಾಗೆ ಹೇಳಿದ ಆ ಮೂರು ವಾಕ್ಯಗಳನ್ನು ಇಲ್ಲಿ ಹೀಗೆಯೇ ಬಿಡುತ್ತೇನೆ. ಮುಂದೆ ಇವುಗಳ ಹತ್ತಿರ ಮತ್ತೆ ಬರಬೇಕಾಗುತ್ತದೆ.

ಅಬ್ಬಾ ನನ್ನ ಮಾತನ್ನು ನಂಬಿದರು. ಮನೆಯಲ್ಲಿ ನಮ್ಮದು ಉರ್ದು, ಅಂಗಡಿಯಲ್ಲಿ ಕನ್ನಡ. ಸಿಟ್ಟು ಬಂದರೆ ಅಬ್ಬಾ ಮನೆಯಲ್ಲೂ ಕನ್ನಡಕ್ಕೆ ಬರುತ್ತಾರೆ. ಆ ವರ್ಷವೇ ಆ ಹಿರಿಯ ಬೋಧಕರ ಕಾರು ಕೊಟ್ಟೂರಿನಲ್ಲಿ, ನಮ್ಮ ಅಂಗಡಿಯಿಂದ ಕೂಗಳತೆಯಲ್ಲಿ, ಪಂಚರಾಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಅಬ್ಬಾ ಕೈ ಒರೆಸಿಕೊಂಡು ಎದ್ದು ನಿಂತು ಹೇಳಿದರಂತೆ: “ಮೊಳಿ ನಮ್ಮದೇ ಇರಬೇಕ್ರಿ ಸಾಹೇಬ್ರ. ಪಂಚರ್ ಮಾತ್ರ ನಮ್ಮಲ್ಲಿ ಹಾಕಂಗಿಲ್ಲ.” ಹಿರಿಯರು ಸ್ಟೆಪ್ನಿ ಉರುಳಿಸಿಕೊಂಡು ಊರಿನ ಆ ತುದಿಗೆ ಹೋದರು. ಈ ಕಥೆ ನಮ್ಮ ಓಣಿಯಲ್ಲಿ ಇನ್ನೂ ಚಾಲ್ತಿಯಲ್ಲಿದೆ, ಪ್ರತಿ ಸಲ ಹೇಳುವಾಗಲೂ ಆ ತುದಿ ಸ್ವಲ್ಪ ದೂರ ಹೋಗುತ್ತದೆ.

ಹಿರಿಯರು ಆಮೇಲೆ ಎಲ್ಲೋ ಕಚೇರಿ ಕೆಲಸಕ್ಕೆ ಹೋದರು. ಹೋದ ಚಳಿಗಾಲ ಮರಳಿ ಬಂದರು. ಶಾಲೆ ಅವರನ್ನು ಉಪಕರಣ ಹಾರಾಟ ವಿಭಾಗದ ಮುಖ್ಯಸ್ಥರನ್ನಾಗಿ ಮಾಡುವುದಿತ್ತು. ಒಂದೇ ಅಡ್ಡಿ: ಅವರ ಉಪಕರಣ ಹಾರಾಟದ ಅರ್ಹತೆಯ ಅವಧಿ ಮುಗಿದಿತ್ತು. ಮತ್ತೆ ತರಬೇತಿ ಮಾಡಿ, ಬೋಧಕರ ಸಹಿ ಪಡೆದು, ಪರೀಕ್ಷೆಗೆ ಹೋಗಬೇಕು. ಆ ಬೋಧಕಿ ನಾನೇ ಎಂದು ಪಟ್ಟಿಯಲ್ಲಿ ಬಂತು. ನಾನು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ.

“ಏನಮ್ಮ, ನೀನೇ ನನಗೆ ಕಲಿಸೋಳು?” ಎಂದರು ಮೊದಲ ದಿನ. “ಆತು, ಕಲಿಸು. ನಾನು ಕಲಿಸಿದ್ದು ಎಷ್ಟು ನೆನಪೈತಿ ನೋಡಾಣ.”

“ಎಲ್ಲಾ ನೆನಪೈತ್ರಿ ಸರ್” ಎಂದೆ.

ಹಿಂದಿನ ಸೀಟಿನಲ್ಲಿ ಒಬ್ಬ ವಿದ್ಯಾರ್ಥಿ ಕೂತು ನೋಡುವುದು ನಮ್ಮಲ್ಲಿ ರೂಢಿ. ಆ ವಾರ ಸರದಿ ಹಿರೇಹಡಗಲಿ ಕಡೆಯ, ಕುರಿ ಸಾಕುವ ಮನೆಯ ಹುಡುಗಿಯದು. ಹಿರಿಯರು ಅವಳ ಊರು, ಮನೆತನ ವಿಚಾರಿಸಿ, “ಕುರಿಯೋರ ಮಗಳಾ? ಹಂಗಾದ್ರೆ ತಲೆ ತಗ್ಗಿಸಿ ಹಾರಿಸ್ತೀಯ ಬಿಡು” ಎಂದು ನಕ್ಕರು.

ಅವಳು ಸೀಟಿನ ಪಟ್ಟಿ ಬಿಗಿದುಕೊಳ್ಳುತ್ತ, “ತಲಿ ತಗ್ಗಿಸಿದ್ರನ ಮೀಟರ್ ಕಾಣೋದ್ರಿ ಸರ್” ಎಂದಳು. ನಾನು ನಗಲಿಲ್ಲ. ಆದರೆ ನನಗೆ ಆಗ ಗೊತ್ತಾಯಿತು: ಇವರು ಮುಖ್ಯಸ್ಥರಾದರೆ ಆ ಹಲಗೆಯ ಮುಂದೆ ನಿಲ್ಲುವ ಮುಂದಿನ ಮನೆತನ ಇವಳದು. ಇದನ್ನು ನನ್ನ ಸೇಡಿಗೆ ಒಳ್ಳೆಯ ಕಾರಣವಾಗಿ ಜೋಡಿಸಿಕೊಂಡೆ. ಕಾರಣ ಮೊದಲು ಬಂದಿತ್ತೋ ಸೇಡು ಮೊದಲು ಬಂದಿತ್ತೋ, ಅದನ್ನು ಪ್ರಾಮಾಣಿಕವಾಗಿ ಹೇಳಬಲ್ಲೆ. ಸೇಡು.

ಮೊದಲ ಹಾರಾಟದಲ್ಲೇ ಮುಗಿಸಬೇಕೆಂದು ಯೋಜನೆ ಹಾಕಿದ್ದೆ. ಕೊಟ್ಟೂರು ದಾಟಿ ಹಗರಿಬೊಮ್ಮನಹಳ್ಳಿ ಕಡೆಗೆ ತಿರುಗಿ, ಐದೂವರೆ ಸಾವಿರ ಅಡಿಯಲ್ಲಿ, ಕಣ್ಣು ಮುಚ್ಚಿ ತಲೆ ತಗ್ಗಿಸಿ ಎಂದೆ. ವಿಮಾನವನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಎಳೆದಾಡಿ ಒಳಕಿವಿಯನ್ನು ಕಲಸಿ, ಮೂಗು ಕೆಳಗೆ ಮಾಡಿ ಬಲಕ್ಕೆ ತೀರಾ ವಾಲಿಸಿ, ಬಿಲ್ಲೆ ಎರಡೂ ಅಂಟಿಸಿ, “ನಿಮ್ಮ ಕೈಗೆ ಸರ್” ಎಂದೆ. ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಎತ್ತರ ಕಳೆಯುವುದನ್ನು ಕಂಡು ಗಾಬರಿಯಿಂದ ಹಿಂದಕ್ಕೆ ಎಳೆಯುತ್ತಾರೆ. ರೆಕ್ಕೆ ವಾಲಿರುವಾಗ ಎಳೆದರೆ ವಿಮಾನ ಸುತ್ತುತ್ತ ಇಳಿಯುವ ಸುರುಳಿ ಇನ್ನೂ ಬಿಗಿಯಾಗುತ್ತದೆ. ನಾನು ಕಾಯುತ್ತಿದ್ದದ್ದು ಆ ಎಳೆತಕ್ಕಾಗಿ.

ಅವರು ಎಳೆಯಲಿಲ್ಲ. ಎಂಜಿನ್ ಶಕ್ತಿ ಇಳಿಸಿದರು. ತಿರುವಿನ ಮೀಟರು ನೋಡಿ ರೆಕ್ಕೆ ನೇರ ಮಾಡಿದರು. ಆಮೇಲೆ, ಹಾಲಿನ ಪಾತ್ರೆ ಎತ್ತುವಷ್ಟು ಹಗುರವಾಗಿ, ಮೂಗು ಎತ್ತಿದರು. ನಾನೂರು ಅಡಿಯೂ ಕಳೆದಿರಲಿಲ್ಲ. ನಾಲ್ಕು ಸಲ ಮಾಡಿಸಿದೆ. ನಾಲ್ಕು ಸಲವೂ ಹಾಗೆಯೇ.

ಎರಡನೆಯ ಹಾರಾಟದಲ್ಲಿ ಗಡಿಯಾರ ನೋಡಿ ತಿರುಗಿಸುವ ತಿರುವುಗಳನ್ನು ಕೊಟ್ಟೆ. ದಿಕ್ಕಿನ ಮೀಟರು ಇಲ್ಲದೆ, ಸೆಕೆಂಡಿಗೆ ಮೂರು ಡಿಗ್ರಿ ಲೆಕ್ಕದಲ್ಲಿ, ಇಷ್ಟು ಸೆಕೆಂಡು ತಿರುಗಿ ನಿಲ್ಲಿಸುವುದು. ಅದನ್ನೂ ಮಾಡಿದರು. ಹಿಂದಿನ ಸೀಟಿನಿಂದ ಹುಡುಗಿ, “ಭಾಳ ಚಂದ ಹಾರಸ್ತಾರಲ್ರಿ ಮೇಡಂ” ಎಂದಳು, ಹಿರಿಯರಿಗೆ ಕೇಳಿಸುವಂತೆ. ಅವರು ಕುಂಚಿಗೆಯೊಳಗಿಂದಲೇ, “ನಿಮ್ಮ ಮೇಡಂಗೂ ಇದನ್ನೇ ಕಲಿಸಿದ್ದೆ ಕಣಮ್ಮ, ತಲೆಗೆ ಹತ್ತಲಿಲ್ಲ” ಎಂದರು.

ಆ ಸಂಜೆ ನನ್ನ ಕೈಲಿ ಬರೆಯಲು ಒಂದು ತಪ್ಪೂ ಇರಲಿಲ್ಲ. ಒಂಬತ್ತು ವರ್ಷ ಕಾದು ಕುಳಿತವಳಿಗೆ ಎದುರಾಳಿ ಒಳ್ಳೆಯ ಕೆಲಸಗಾರ ಎಂದು ಗೊತ್ತಾಗುವುದು ಎಷ್ಟು ಕಹಿ ಎಂಬುದನ್ನು ವಿವರಿಸುವುದು ಕಷ್ಟ. ಸಹಿ ಹಾಕದೆ ಬೇರೆ ದಾರಿಯಿಲ್ಲ ಎನ್ನಿಸಿತು.

ಮೂರನೆಯದು ಸುಲಭದ ಹಾರಾಟ. ಬಿಲ್ಲೆ ಅಂಟಿಸಿ, ಹರಪನಹಳ್ಳಿಯಿಂದ ಹಡಗಲಿ ದಿಕ್ಕಿಗೆ ನೇರ, ಒಂದೇ ಎತ್ತರ. ಏನೂ ಮಾಡುವುದಿಲ್ಲ, ಸುಮ್ಮನೆ ನೇರ ಹೋಗುವುದು. ಚಳಿಗಾಲದ ಧೂಳಿನ ಮಬ್ಬು ಎಷ್ಟಿತ್ತೆಂದರೆ ಭೂಮಿ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ನನಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಒಂದೇ, ನಮ್ಮ ದಾರಿಗೆ ಅಡ್ಡವಾಗಿ ಮಲಗಿದ ಗುಡ್ಡದ ಬೆನ್ನಿನ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು, ಬೆಳ್ಳಗೆ, ದಾರದಲ್ಲಿ ಪೋಣಿಸಿದಂತೆ.

ಅವರ ಎಡ ರೆಕ್ಕೆ ಇಳಿಯಿತು. ನಾಲ್ಕೈದು ಡಿಗ್ರಿ. ಇಳಿದೇ ಉಳಿಯಿತು.

ತಿರುವಿನ ಮೀಟರಿನ ಕೆಳಗೆ ಬಾಗಿದ ಗಾಜಿನ ಕೊಳವೆಯಲ್ಲಿ ಒಂದು ಕರಿ ಗುಂಡು ಇರುತ್ತದೆ, ಗೌಂಡಿಗಳ ರಸಮಟ್ಟದ ಗುಳ್ಳೆಯ ಹಾಗೆ. ವಿಮಾನ ಸರಿಯಾಗಿ ಹೋಗುತ್ತಿದ್ದರೆ ಗುಂಡು ನಡುವೆ. ಈಗ ಅದು ಎಡಕ್ಕೆ ಉರುಳಿ ನಿಂತಿತ್ತು. ಅಂದರೆ ರೆಕ್ಕೆ ಎಡಕ್ಕೆ ವಾಲಿದೆ, ವಿಮಾನ ಎಡಕ್ಕೆ ತಿರುಗದಂತೆ ಅವರು ಬಲಗಾಲನ್ನು ಪೆಡಲ್ ಮೇಲೆ ಒತ್ತಿ ಹಿಡಿದಿದ್ದಾರೆ. ಒಳಕಿವಿಯ ತಪ್ಪು ಹೀಗಿರುವುದಿಲ್ಲ. ಅದು ಅಲುಗಾಡುತ್ತದೆ, ಬರುತ್ತದೆ, ಹೋಗುತ್ತದೆ. ಇಷ್ಟು ಗಟ್ಟಿಯಾಗಿ ನಿಲ್ಲುವುದು ಕಣ್ಣಿನ ತಪ್ಪು ಮಾತ್ರ.

ಗುಡ್ಡದ ಬೆನ್ನು ಬಲಕ್ಕೆ, ಪೂರ್ವಕ್ಕೆ, ಏರುತ್ತದೆ. ಗಾಳಿಯಂತ್ರಗಳ ಸಾಲೂ ಏರುತ್ತದೆ. ಮಬ್ಬಿನಲ್ಲಿ ಅದನ್ನೇ ದಿಗಂತ ಎಂದುಕೊಂಡು ವಿಮಾನವನ್ನು ಅದಕ್ಕೆ ಸಮ ಮಾಡಿದರೆ ಬಲ ರೆಕ್ಕೆ ಏರುತ್ತದೆ, ಎಡ ರೆಕ್ಕೆ ಇಳಿಯುತ್ತದೆ. ಈ ಐದು ತಾಲ್ಲೂಕಿನ ಆಕಾಶದಲ್ಲಿ ಕಲಿತವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡಲಾರರು.

ಇದೆಲ್ಲ ನನಗೆ ಒಂದು ಕ್ಷಣದಲ್ಲಿ ಹೊಳೆಯಿತು. ಯೋಚಿಸಿ ಹೊಳೆದದ್ದಲ್ಲ. ನನ್ನ ಗದ್ದ ತಾನಾಗಿಯೇ ಒಂದು ಬೆರಳಷ್ಟು ಮೇಲೆದ್ದಿತ್ತು. ನನ್ನ ತಲೆಯ ಮೇಲೆ ಕುಂಚಿಗೆ ಇರಲಿಲ್ಲ, ಎತ್ತುವ ಅಗತ್ಯವೇ ಇರಲಿಲ್ಲ. ಕುಂಚಿಗೆಯ ಅಂಚಿನ ಕೆಳಗೆ, ಮೀಟರು ಹಲಗೆಯ ಮೇಲೆ, ಬೆರಳು ದಪ್ಪದ ಬೆಳಕಿನ ಸೀಳು ತೆರೆದುಕೊಳ್ಳಲು ಎಷ್ಟು ಎತ್ತಬೇಕೋ ಸರಿಯಾಗಿ ಅಷ್ಟೇ ಎದ್ದಿತ್ತು. ಕುತ್ತಿಗೆಗೆ ಆ ಅಳತೆ ಗೊತ್ತಿತ್ತು.

ಹಿಂದೆ ಬಿಟ್ಟುಬಂದ ಮೂರು ವಾಕ್ಯಗಳ ಹತ್ತಿರ ಈಗ ಬರಬೇಕು. ನಾನು ನೋಡಿದ್ದೆ. ಒಂದು ಸಲವಲ್ಲ. ಒಳಕಿವಿಯ ಕಥೆಯನ್ನು ಅಬ್ಬಾಗೆ ಹೇಳಿ ಹೇಳಿ, ಅದು ನಡೆದದ್ದಕ್ಕಿಂತ ನಯವಾಗಿ, ಹೆಚ್ಚು ನಂಬುವಂತೆ ಆಗಿ, ನನ್ನೊಳಗೆ ಕೂತಿತ್ತು. ದಿಗಂತದ ಜಾಗದಲ್ಲಿ ಕೂತ ಗುಡ್ಡ.

ಗಾಳಿಯಂತ್ರಗಳು ವಿಮಾನದ ಮೂಗಿನ ಕೆಳಗೆ ಸರಿದು ಮರೆಯಾದವು. ಗುಂಡು ನಡುವಿಗೆ ಉರುಳಿತು. ಹಿರಿಯರು ಗಂಟಲು ಸರಿಮಾಡಿಕೊಂಡರು. ನಾನು ಏನೂ ಹೇಳದೆ ವಿಮಾನ ಇಳಿಸಿದೆ, ಅವರು ಮಾಡಿದ್ದಂತೆಯೇ.

ಕರುಣೆ ಬರಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಬರಲಿಲ್ಲ. ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಒಂದು ಸಲ ಕಂಡದ್ದು ಸಾಕ್ಷಿಯಾಗುವುದಿಲ್ಲ. ನಾಲ್ಕನೆಯ ಹಾರಾಟವನ್ನು ಉಲ್ಟಾ ಹಾಕಿದೆ. ಇಟ್ಟಿಗಿ ಮೇಲಿಂದ ಹಡಗಲಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಹರಪನಹಳ್ಳಿ. ಅದೇ ಗುಡ್ಡ, ಆದರೆ ಈಗ ಏರು ಎಡಕ್ಕೆ. ಅವರು ನೋಡದಿದ್ದರೆ ಏನೂ ಆಗಬಾರದು. ಒಳಕಿವಿಯ ತಪ್ಪಾದರೆ ಯಾವ ಕಡೆಗಾದರೂ ಆಗಬಹುದು, ಅಲುಗಾಡಬೇಕು. ನೋಡಿದರೆ ಬಲ ರೆಕ್ಕೆ ಇಳಿಯಬೇಕು, ಇಳಿದೇ ಉಳಿಯಬೇಕು. ಮಬ್ಬು ಹಿಂದಿನ ದಿನದಷ್ಟೇ ಇತ್ತು. ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಅರ್ಧ ನಿಮಿಷಕ್ಕೊಮ್ಮೆ ಗುಂಡು ಎಲ್ಲಿದೆ ಎಂದು ಗುರುತು ಹಾಕಿದೆ. ನಡು. ನಡು. ಗಾಳಿಯಂತ್ರಗಳು ಕಂಡವು. ಬಲ. ಬಲ. ಬಲ. ಸಾಲು ಮೂಗಿನ ಕೆಳಗೆ ಹೋಯಿತು. ನಡು.

ಕೊಠಡಿಗೆ ಈಗ ಬಾಗಿಲಿದೆ. ಹನ್ನೊಂದು ವಿದ್ಯಾರ್ಥಿಗಳಿದ್ದರು, ಈ ಸಲ ಎಣಿಸಿದ್ದೇನೆ. ಅವರೇ ಶುರುಮಾಡಿದ ಪದ್ಧತಿಯಂತೆ ಹಲಗೆಯ ಮೇಲೆ ಗುಡ್ಡದ ಗೆರೆ ಎಳೆದೆ, ಎರಡು ದಿನದ ಗುಂಡಿನ ಗುರುತು ಬರೆದೆ.

“ಸರ್, ನೀವು ಹೊರಗ ನೋಡಿದ್ರಿ.”

“ಏನು ಮಾತಮ್ಮ ಇದು? ವಯಸ್ಸಾತು, ಒಳಕಿವಿ ಸ್ವಲ್ಪ...”

“ಗುಡ್ಡದ ಏರು ಯಾವ ಕಡಿಗೈತಿ ಅಂತ ಒಳಕಿವಿಗೆ ತಿಳಿಯಂಗಿಲ್ರಿ ಸರ್.”

ಹಿಂದಿನ ಸೀಟಿನ ಹುಡುಗಿ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಹಿರಿಯರು ಹಲಗೆಯನ್ನು ಬಹಳ ಹೊತ್ತು ನೋಡಿದರು. ಒಳ್ಳೆಯ ಕೆಲಸಗಾರರಲ್ಲವೇ, ಲೆಕ್ಕ ಸರಿಯಿದೆ ಎಂದು ಅವರಿಗೆ ಗೊತ್ತಾಗಿತ್ತು. ಆದರೆ ಒಳ್ಳೆಯ ಕೆಲಸಗಾರನಿಗೆ ಇನ್ನೊಂದೂ ಗೊತ್ತಾಗುತ್ತದೆ.

“ರೆಕ್ಕೆ ವಾಲೋಕೆ ಹತ್ತು ಕಾರಣ ಇರ್ತಾವೆ” ಎಂದರು ಮೆಲ್ಲಗೆ. “ಮರುದಿನ ದಾರಿ ಉಲ್ಟಾ ಹಾಕಿದೀಯ. ಅಂದ್ರೆ ಮೊದಲೇ ಗೊತ್ತಿತ್ತು ನಿನಗೆ. ಗುಡ್ಡದ ಮೇಲಿನ ಫ್ಯಾನ್ ಸಾಲೇ ಅಂತ ನಿನಗೆ ಹೆಂಗೆ ಹೊಳೀತು?”

ಹನ್ನೊಂದು ತಲೆಗಳು ನನ್ನ ಕಡೆ ತಿರುಗಿದವು. ‘ಅನುಭವ’ ಎನ್ನಬಹುದಿತ್ತು. ಆ ಪದ ನಾಲಿಗೆಯ ತುದಿಗೆ ಬಂದಿತ್ತು, ಯಾರೂ ಮುಂದೆ ಕೇಳುತ್ತಿರಲಿಲ್ಲ. ಸೇಡು ಚೊಕ್ಕಟವಾಗಿ ಮುಗಿಯುತ್ತಿತ್ತು, ನಾನು ಒಂಬತ್ತು ವರ್ಷದ ನಿರಪರಾಧಿಯಾಗಿಯೇ ಉಳಿಯುತ್ತಿದ್ದೆ. ಆದರೆ ಅವರ ಪ್ರಶ್ನೆ ಕೇಳುತ್ತಿದ್ದಂತೆಯೇ ನನಗೆ ಕಂಡಿತು: ಒಂಬತ್ತು ವರ್ಷದ ಹಿಂದಿನ ಆ ದಿನ ನಾನು ಇವರಿಗೆ ಕೇಳಬೇಕಿದ್ದ ಪ್ರಶ್ನೆ ಇದೇ. ಅದನ್ನು ಕೇಳಬೇಕಾದರೆ ಮೊದಲು ನಾನು ಉತ್ತರ ಕೊಡಬೇಕು. ಬೇರೆ ದಾರಿ ಇರಲಿಲ್ಲ.

“ನಾನೂ ನೋಡಿದ್ದೆ, ಸರ್. ಒಂಬತ್ತು ವರ್ಷದ ಹಿಂದ. ಇದ ಸಾಲು, ಇದ ಸೀಳಿನ್ಯಾಗಿಂದ. ನೀವು ಹೇಳಿದ್ದು ಖರೆ ಇತ್ತು.”

ಅವರ ಮುಖದಲ್ಲಿ ನಗು ಏಳತೊಡಗಿತು. ಪೂರ್ತಿ ಏಳುವವರೆಗೆ ಕಾದೆ.

“ಈಗ ನೀವು ಹೇಳ್ರಿ. ರೆಕ್ಕಿ ವಾಲಿದ್ದಷ್ಟ ನೋಡಿ, ನಾ ಹೊರಗ ನೋಡಾಕತ್ತೀನಿ ಅಂತ ಆವತ್ತು ನಿಮಗ ಹೆಂಗ ಹೊಳೀತು?”

ಹನ್ನೊಂದು ತಲೆಗಳು ಅವರ ಕಡೆ ತಿರುಗಿದವು. ಮೇಜಿನ ಮೇಲಿದ್ದ ಕುಂಚಿಗೆಯನ್ನು ಅವರು ಎತ್ತಿಕೊಂಡರು, ತಿರುಗಿಸಿ ಅದರ ಒಳಮೈ ನೋಡಿದರು, ಮತ್ತೆ ಇಟ್ಟರು.

“ಬರಿ” ಎಂದರು. “ಏನು ಬರೀತೀಯೋ ಬರಿ.”

ಬರೆದೆ. ಹುಡುಕಬೇಕಾಗಿರಲಿಲ್ಲ, ಸಾಲು ಬಾಯಿಪಾಠವಿತ್ತು. ‘ಉಪಕರಣಗಳ ಮೇಲೆ ನಂಬಿಕೆಯಿಲ್ಲ. ಹೊರಗೆ ನೋಡುತ್ತಾರೆ. ಪರೀಕ್ಷೆಗೆ ಕಳಿಸಲು ಯೋಗ್ಯರಲ್ಲ.’ ಬಹುವಚನ ಮಾತ್ರ ನನ್ನದು. ಅವರ ಮನೆತನದ ಬಗ್ಗೆ ಹೇಳಲು ಒಂದು ಮಾತನ್ನು ವರ್ಷಗಟ್ಟಲೆ ಮಸೆದು ಇಟ್ಟುಕೊಂಡಿದ್ದೆ. ಅದನ್ನು ಹೇಳಲಿಲ್ಲ. ಒಳ್ಳೆಯತನದಿಂದಲ್ಲ. ಪ್ರಶ್ನೆ ಅದಕ್ಕಿಂತ ಆಳಕ್ಕೆ ಇಳಿದಿತ್ತು. ಅವರು ಮುಖ್ಯಸ್ಥರಾಗಲಿಲ್ಲ. ನನ್ನ ಹಳೆಯ ದಾಖಲೆಯಿಂದ ಆ ಸಾಲನ್ನು ತೆಗೆಸಬೇಕೆಂದು ಕೊಟ್ಟಿದ್ದ ಅರ್ಜಿಯನ್ನು ನಾನು ವಾಪಸ್ ಪಡೆದೆ.

ಅಬ್ಬಾಗೆ ಹೇಳುವುದು ಉಳಿದಿತ್ತು. ಭಾನುವಾರ ಅಂಗಡಿಗೆ ಹೋದೆ. ಹೊಸ ಬ್ಯಾಚಿಗೆ ಬಿಲ್ಲೆ ಕತ್ತರಿಸುತ್ತ ಕೂತಿದ್ದರು, ಗ್ರೀಸ್ ಡಬ್ಬಿಯ ಮುಚ್ಚಳ ಅದೇ. ಎಲ್ಲವನ್ನೂ ಹೇಳಿದೆ. ನಾನು ನೋಡಿದ್ದೆ ಎನ್ನುವಲ್ಲಿ ಕತ್ತರಿ ನಿಂತಿತು.

“ಹಂಗಾದ್ರ,” ಎಂದರು ಕನ್ನಡಕ್ಕೆ ಬಂದು, “ಆವತ್ತು ಅವನ ಗಾಡಿ ಪಂಚರ್ ಹಾಕಿಕೊಡಬೇಕಿತ್ತು ನಾನು.”

ಟ್ಯೂಬನ್ನು ಮೊಣಕಾಲ ಮೇಲೆ ಹರಡಿ, ಗೆರೆಯನ್ನು ಹೆಬ್ಬೆರಳಿನಿಂದ ಸವರುತ್ತ ಯೋಚಿಸಿದರು.

“ಇಲ್ಲ ಬೇಟಾ. ನೋಡಿದ್ದು ನಿನ್ನ ತಪ್ಪು. ಮೊಳಿ ಚೆಲ್ತಾರ ಅಂದದ್ದು ಅವನ ತಪ್ಪು. ನಿನ್ನ ತಪ್ಪಿಗೆ ನಾ ಯಾಕ ಅವನ ಪಂಚರ್ ಹಾಕ್ಲಿ?” ಕತ್ತರಿ ಮತ್ತೆ ಓಡಿತು. “ಈಗೂ ಅದ ಗಾಡಿ ಐತೇನು ಅವಂದು?”

“ಅದ ಐತಿ.”

“ಟೈರ್ ಹಳೇವು ಆಗಿರತಾವ” ಎಂದರು ಅಬ್ಬಾ, ಬಿಲ್ಲೆಯನ್ನು ಊದಿ ಧೂಳು ಹಾರಿಸುತ್ತ. “ಬರತಾನ ಬಿಡು.”